ಕೋಡಿಯ ನೊರೆ ಯಾವ ಶಾಸ್ತ್ರಕ್ಕೆ ಸೇರಿದ್ದು?

ಬೈಯಪ್ಪನಹಳ್ಳಿಯ ಕಡೆಯಿಂದ ಬರುವ ನಮಗೆ ಹಲಸೂರು ಕೆರೆ ಪರಿಚಿತವೇ. ಅದರ ಕೋಡಿಯ ನೀರು ರಾಜಕಾಲುವೆ ಹಿಡಿದು ಬೆಳ್ಳಂದೂರಿಗೂ, ಅಲ್ಲಿಂದ ವರ್ತೂರಿಗೂ, ಕಡೆಗೆ ದಕ್ಷಿಣ ಪಿನಾಕಿನಿಗೂ ಸೇರುತ್ತದೆ. ಬೆಳ್ಳಂದೂರು ಕೆರೆ 2015ರಲ್ಲಿ ರಸ್ತೆಗೆ ನೊರೆ ಹಾರಿಸಿದುದನ್ನೂ, 2017ರಲ್ಲಿ ಹೊತ್ತಿ ಉರಿದುದನ್ನೂ ಎಲ್ಲರೂ ಬಲ್ಲರು. ನೀರಿಗೆ ಬೆಂಕಿಯೆ?

ರಸಾಯನಶಾಸ್ತ್ರದವರನ್ನು ಕೇಳಿದರೆ, ಸೋಪುಪುಡಿಯ ಅಂಶವಿರುವ ಕೊಳಚೆ ಕೋಡಿಯಲ್ಲಿ ಧುಮುಕುವಾಗ ಗಾಳಿ ಬೆರೆತು ನೊರೆಯಾಗುವುದೆನ್ನುತ್ತಾರೆ. ಅದೇ ಕೊಳಚೆಯ ರಂಜಕವನ್ನುಂಡು ಕಳೆ ಕೊಬ್ಬುವುದನ್ನು ಸಸ್ಯಶಾಸ್ತ್ರದವರು ತೋರಿಸುತ್ತಾರೆ. ಒಣಗಿದ ಕಳೆ ಬೆಂಕಿಗೆ ಸೌದೆ. ಇಬ್ಬರ ಮಾತೂ ದಿಟ. ಆದರೆ ಅಷ್ಟು ಕೊಳಚೆ ಎಲ್ಲಿಂದ ಬಂದಿತು? 1974ರಲ್ಲಿ ಕಾವೇರಿ ನಗರಕ್ಕೆ ಹರಿದಳು. ಬಳಸಿ ಚೆಲ್ಲಿದ ನೀರಿಗೆ ತಗ್ಗಿನ ಕೆರೆಗಳೇ ಗತಿಯಾದವು. ಇದು ಭೂಗೋಳ. ಅಚ್ಚುಕಟ್ಟಿನ ಗದ್ದೆಗಳು ನಿವೇಶನಗಳಾದ ಮೇಲೆ ತೂಬು ಎತ್ತುವ ನೀರಗಂಟಿಗೆ ಕೆಲಸವಿಲ್ಲ, ಹೂಳೆತ್ತಿಸುವ ಗರಜು ಯಾರಿಗೂ ಇಲ್ಲ. ಇದು ಅರ್ಥಶಾಸ್ತ್ರ, ಚರಿತ್ರೆ. ಅಂದರೆ ನಮ್ಮ ಪಾಠ!

ಇಂಥ ಕೂಡುವ್ಯಾಸಂಗಕ್ಕೆ ನಮ್ಮ ನಗರದಲ್ಲೇ ಸ್ಥಳವಿದೆ. ಭಾರತೀಯ ವಿಜ್ಞಾನ ಮಂದಿರದಲ್ಲಿ 1983ರಲ್ಲಿ ಮಾಧವ ಗಾಡ್ಗೀಳರು ಪರಿಸರ ವಿಜ್ಞಾನ ಕೇಂದ್ರವನ್ನು ಕಟ್ಟಿದರು. 1996ರಲ್ಲಿ ಹುಟ್ಟಿದ ಏಟ್ರೀ ಸಂಸ್ಥೆಯ ಡಾಕ್ಟರೇಟ್ ವ್ಯಾಸಂಗದಲ್ಲಿ ಜೀವವಿಜ್ಞಾನವೂ ಸಮಾಜವಿಜ್ಞಾನವೂ ಜೊತೆಗೂಡಿವೆ. ಕಲಾವಿಭಾಗದ ನಾವು ಹಿಂಜರಿಯುವುದುಂಟು. ಸಂಖ್ಯಾಶಾಸ್ತ್ರ ಕಲಿಯಬೇಕಾದೀತು, ನಿಜ. ವಿಜ್ಞಾನದವರೂ ಹಳೆಯ ಕಂದಾಯ ದಾಖಲೆ ಓದಲು ಕಲಿಯಬೇಕಷ್ಟೆ!

ಈ ರಜೆಯಲ್ಲಿ ಯಾರಾದರೂ ಬೆಳ್ಳಂದೂರಿಗೆ ಹೋದರೆ, ಕೋಡಿಯನ್ನು ನೋಡಿದ ಮೇಲೆ ಊರ ಹಿರಿಯರೊಬ್ಬರನ್ನು ಕಂಡು, ಹಳೆಯ ತೂಬು ಎಲ್ಲಿತ್ತೆಂದು ಕೇಳಿಕೊಂಡು ಬನ್ನಿ.