ಮೂವತ್ತು ನಲವತ್ತು ಸೈಟಿನ ಪಾಲು

ಮುಸ್ಲಿಂ ಉತ್ತರಾಧಿಕಾರದಲ್ಲಿ ಹುಟ್ಟಿನಿಂದ ಬರುವ ಹಕ್ಕಿಲ್ಲ. ಅಪ್ಪ ಬದುಕಿರುವಷ್ಟು ದಿನ ಆಸ್ತಿ ಅಪ್ಪನದೇ. ಪಿತ್ರಾರ್ಜಿತ, ಸ್ವಯಾರ್ಜಿತ ಎಂಬ ಭೇದವೂ ಇಲ್ಲ. ತೀರಿಕೊಂಡ ಮೇಲೆ ಮಣ್ಣಿನ ಖರ್ಚು, ಸಾಲ, ಉಯಿಲಿದ್ದರೆ ಮೂರನೇ ಒಂದು ಭಾಗ ಮೀರದಂತೆ ಅದು, ಇಷ್ಟು ಕಳೆದು ಮಿಕ್ಕಿದ್ದು ವಾರಸುದಾರರಿಗೆ. ಮದುವೆಯಲ್ಲಿ ಹೆಂಡತಿಗೆ ಕೊಡಲು ಒಪ್ಪಿ, ಕೊಡದೆ ಉಳಿದ ಮೆಹರ್ ಕೂಡ ಸಾಲವೇ. ಪಾಲಿನ ಮಾತಿಗೆ ಕೂತವರು ಮೊದಲು ಮರೆಯುವುದು ಇದನ್ನು. ಬೆಂಗಳೂರಿನ ವಿಜಯನಗರದ ಒಂದು 30×40 ಸೈಟು, ತೀರಿಕೊಂಡವರಿಗೆ ಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು, ಹೆತ್ತವರು ಇಲ್ಲ ಎಂದಿಟ್ಟುಕೊಂಡರೆ, 1,200 ಚದರಡಿಯಲ್ಲಿ ಹೆಂಡತಿಗೆ ಎಂಟನೇ ಒಂದು, ಅಂದರೆ 150. ಗಂಡುಮಕ್ಕಳಿಗೆ ತಲಾ 420, ಮಗಳಿಗೆ 210.

ಆ 210 ಅಡಿ ಗೋರಿಪಾಳ್ಯ, ಪಾದರಾಯನಪುರದ ಎಷ್ಟೋ ಮನೆಗಳಲ್ಲಿ ಮಗಳ ಕೈಗೆ ಬರುವುದಿಲ್ಲ. ಮದುವೆಯಲ್ಲಿ ಹಾಕಿದ ಒಡವೆಯೇ ಅವಳ ಪಾಲು ಎನ್ನುವುದು ರೂಢಿ. ರಾಜಾಜಿನಗರದ ಹಿಂದೂ ಮನೆಗಳಲ್ಲೂ ಕೇಳಿಬರುವುದು ಇದೇ ಮಾತು.

ರೂಢಿಗೆ ಒಂದು ಕಾಲದಲ್ಲಿ ನ್ಯಾಯಾಲಯದ ಬೆಂಬಲವೂ ಇತ್ತು. ಬೆಂಗಳೂರಿನಲ್ಲೂ ವ್ಯಾಪಾರ ಮಾಡಿ ನೆಲೆಯೂರಿದ ಕಚ್ಚಿ ಮೆಮನ್ ಮುಸ್ಲಿಮರು ಉತ್ತರಾಧಿಕಾರಕ್ಕೆ ಹಿಂದೂ ಕಾನೂನನ್ನೇ ಅನುಸರಿಸುತ್ತಿದ್ದರು. ಅವರನ್ನು ಇಸ್ಲಾಮಿನ ಪಾಲಿಗೆ ತಂದದ್ದು 1938ರ ಕಚ್ಚಿ ಮೆಮನ್ ಕಾಯ್ದೆ. ಅದಕ್ಕೆ ಹಿಂದಿನ ವರ್ಷದ ಷರಿಯತ್ ಕಾಯ್ದೆ ಉಯಿಲಿಲ್ಲದ ಆಸ್ತಿಯ ಹಂಚಿಕೆಯಲ್ಲಿ ವಾಡಿಕೆಯನ್ನು ತಳ್ಳಿಹಾಕಿತಾದರೂ ಕೃಷಿ ಭೂಮಿಯನ್ನು ಹೊರಗಿಟ್ಟಿತು. ಕೆಂಗೇರಿ ಆಚೆಯ ಹೊಲದ ಪಾಲಿಗೆ ಮೊದಲು ವಕೀಲರನ್ನು ಕಾಣಬೇಕಾಗುವುದು ಇದರಿಂದ.

ಈಗ ರೂಢಿ ಉಳಿದಿರುವುದು ಹಕ್ಕು ಬಿಡುಗಡೆ ಪತ್ರದಲ್ಲಿ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಫೋಟೊ, ಹೆಬ್ಬೆಟ್ಟು ಆಗುವಾಗ "ಆಪಾ, ಇಲ್ಲೊಂದು ಸೈನು" ಎಂದು ಅಕ್ಕನಿಗೆ ತಮ್ಮನು ಬೆರಳು ತೋರಿಸುತ್ತಾನೆ. ಬಿಡುತ್ತಿರುವುದು ಎಷ್ಟು ಅಡಿ ಎಂದು ಹೇಳುವುದಿಲ್ಲ. ಲೆಕ್ಕ ತಿಳಿದು ಬಿಟ್ಟುಕೊಟ್ಟರೆ ಮಾತಿಲ್ಲ. ಅಪ್ಪ ಬದುಕಿದ್ದಾಗಲೇ ಬರೆಸಿಕೊಂಡ ಬಿಡುಗಡೆಗೆ ಮಾತ್ರ ಬೆಲೆ ಕಡಿಮೆ, ಏಕೆಂದರೆ ಬಿಡಲು ಇನ್ನೂ ಹಕ್ಕೇ ಹುಟ್ಟಿರುವುದಿಲ್ಲ. ಆದರೂ ಪ್ರತಿಫಲ ಪಡೆದು ಬರೆದುಕೊಟ್ಟವರು ಆಮೇಲೆ ಪಾಲು ಕೇಳದಂತೆ ತಡೆ ಬರಬಹುದು ಎಂದು ಸುಪ್ರೀಂ ಕೋರ್ಟ್ ಗುಲಾಂ ಅಬ್ಬಾಸ್ ಪ್ರಕರಣದಲ್ಲಿ ಹೇಳಿದೆ.

ಮಗಳಿಗೆ ಸಮನಾಗಿ ಕೊಡಬೇಕೆನ್ನುವ ಅಪ್ಪನಿಗೆ ಉಯಿಲು ಅಷ್ಟಾಗಿ ನೆರವಾಗದು. ವಾರಸುದಾರರೊಬ್ಬರಿಗೆ ಬರೆದ ಉಯಿಲಿಗೆ ಸುನ್ನಿ ಕಾನೂನಿನಂತೆ ಉಳಿದವರ ಒಪ್ಪಿಗೆ ಬೇಕು. ಬದುಕಿರುವಾಗಲೇ ಕೊಡುವ ದಾನವಾದ ಹಿಬಾಕ್ಕೆ ಆ ಕಟ್ಟಿಲ್ಲ, ಮೂರನೇ ಒಂದರ ಮಿತಿಯೂ ಇಲ್ಲ. ಆದರೆ ಕೊಟ್ಟೆ ಎನ್ನುವುದು, ಒಪ್ಪಿಕೊಳ್ಳುವುದು, ಸ್ವಾಧೀನ ಬಿಡುವುದು ಮೂರೂ ನಡೆಯಬೇಕು. ಮೇಲಿನ ಮಹಡಿ ಮಗಳಿಗೆ ಎಂದು ಹೇಳಿ, ಸಾಯುವವರೆಗೂ ತನಗಾಗಿಯೇ ಬಾಡಿಗೆ ವಸೂಲಿ ಮಾಡಿದ ಅಪ್ಪನ ಹಿಬಾ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ಬಾಡಿಗೆ ಕರಾರನ್ನು ಅಪ್ಪ ಇರುವಾಗಲೇ ಮಗಳ ಹೆಸರಿಗೆ ಮಾಡಿಸಿ, ಖಾತಾ ಬದಲಾಯಿಸಿಡಬೇಕು.