ಕೂದಲು ಮತ್ತೆ ಬರುತ್ತೆ


ಕ್ಯಾನ್ಸರ್ ಅಂದರೆ ಎಲ್ಲರಿಗೂ ಭಯ. ಕೆಲವರು ಇದನ್ನು ಪಾಪದ ಫಲ ಅಂತಾರೆ. ಅದು ಸುಳ್ಳು. ಕ್ಯಾನ್ಸರ್ ಅಂಟುರೋಗವೂ ಅಲ್ಲ. ಒಟ್ಟಿಗೆ ಉಂಡರೆ, ಮೈ ಮುಟ್ಟಿದರೆ ಬರೋದಿಲ್ಲ.

ನಮ್ಮ ಮೈಯಲ್ಲಿ ಸಣ್ಣ ಸಣ್ಣ ಜೀವಕಣಗಳಿವೆ. ಕೆಲವು ಕಣಗಳು ಲೆಕ್ಕ ಮೀರಿ ಬೆಳೆಯುತ್ತವೆ, ಹೊಲದ ಕಳೆಯ ಹಾಗೆ. ಇದೇ ಕ್ಯಾನ್ಸರ್. ಈ ಕಳೆಯನ್ನು ಕೊಲ್ಲುವ ಔಷಧವೇ ಕೀಮೋ. ಇದನ್ನು ಡ್ರಿಪ್ ಹಾಕಿ ರಕ್ತಕ್ಕೆ ಬಿಡುತ್ತಾರೆ. ಕೆಲವರಿಗೆ ಮಾತ್ರೆ ಕೊಡುತ್ತಾರೆ. ಒಂದೇ ಸಲಕ್ಕೆ ಮುಗಿಯೋದಿಲ್ಲ. ತುಂಬ ಜನರಿಗೆ 3 ವಾರಕ್ಕೆ ಒಂದು ಸಲ ಕೊಡುತ್ತಾರೆ.

ಈ ಔಷಧ ಬೇಗ ಬೆಳೆಯುವ ಕಣಗಳನ್ನು ಕೊಲ್ಲುತ್ತೆ. ಕೂದಲಿನ ಬೇರು, ಬಾಯಿ, ಹೊಟ್ಟೆ, ರಕ್ತ ಇವುಗಳ ಕಣಗಳೂ ಬೇಗ ಬೆಳೆಯುತ್ತವೆ. ಅವಕ್ಕೂ ಪೆಟ್ಟು ಬೀಳುತ್ತೆ. ಕಳೆ ಕೀಳುವಾಗ ಪಕ್ಕದ ಪೈರಿನ ಬೇರೂ ಅಲುಗುತ್ತೆ ಅಲ್ಲವೇ? ಆಮೇಲೆ ಪೈರು ಸುಧಾರಿಸಿಕೊಳ್ಳುತ್ತೆ. ಇದೂ ಹಾಗೇ.

ಅತ್ತೆ ಸೊಸೆ ಮಾತು

ಅತ್ತೆ: ಕೂದಲೆಲ್ಲ ಉದುರ್ತಾ ಇದೆ ಕಣೇ. ಈ ಔಷಧ ಸಾಕು. ಮುಂದಿನ ಸಲ ನಾನು ಬರೋದಿಲ್ಲ.
ಸೊಸೆ: ಹಾಗನ್ನಬೇಡಿ ಅತ್ತೆ. ಔಷಧ ಮುಗಿದ ಕೆಲವು ತಿಂಗಳಲ್ಲಿ ಕೂದಲು ಮತ್ತೆ ಬರುತ್ತೆ. ನಡುವೆ ಬಿಟ್ಟರೆ ಕಾಯಿಲೆ ಮತ್ತೆ ಬೆಳೆಯುತ್ತೆ.
ಅತ್ತೆ: ತಿಂದದ್ದು ಒಳಗೆ ನಿಲ್ಲೋದಿಲ್ಲ.
ಸೊಸೆ: ವಾಂತಿಗೆ ಮಾತ್ರೆ ಕೊಟ್ಟಿದ್ದಾರೆ. ಡಾಕ್ಟರು ಹೇಳಿದ ಹೊತ್ತಿಗೆ ತಗೊಳ್ಳಿ. ಹೊಟ್ಟೆ ತುಂಬ ಉಣ್ಣಬೇಡಿ. ಎರಡೆರಡು ಗಂಟೆಗೆ ಸ್ವಲ್ಪ ಗಂಜಿ, ರಾಗಿ ಅಂಬಲಿ, ಇಡ್ಲಿ ಕೊಡ್ತೀನಿ.
ಅತ್ತೆ: ಬಾಯೆಲ್ಲ ಹುಣ್ಣು.
ಸೊಸೆ: ಕಾಯಿಸಿ ಆರಿಸಿದ ಒಂದು ಲೋಟ ನೀರಿಗೆ ಕಾಲು ಚಮಚ ಉಪ್ಪು, ಕಾಲು ಚಮಚ ಅಡುಗೆ ಸೋಡ ಹಾಕಿದ್ದೀನಿ. ಬಾಯಿ ಮುಕ್ಕಳಿಸಿ ಉಗಿಯಿರಿ. ಖಾರ, ಹುಳಿ, ಎಲೆಅಡಿಕೆ ಬೇಡ.
ಅತ್ತೆ: ತೀರಾ ಸುಸ್ತಾದರೆ?
ಸೊಸೆ: ಡಾಕ್ಟರಿಗೆ ಹೇಳೋಣ. ಅವರು ಔಷಧ ಬದಲಿಸಬಹುದು, ಕಡಿಮೆ ಮಾಡಬಹುದು. ನಾವಾಗೇ ಬಿಡೋದು ಬೇಡ.

ಜ್ವರ ಬಂದರೆ ಕಾಯಬೇಡಿ

ಕೂದಲು ಹೋದರೆ ಜೀವ ಹೋಗೋದಿಲ್ಲ. ಆದರೆ ಜ್ವರ ಅಪಾಯ. ರಕ್ತದ ಬಿಳಿ ಕಣಗಳು ನಮ್ಮ ಮೈಯ ಕಾವಲುಗಾರರು. ಕೀಮೋ ಆದ 7ರಿಂದ 14 ದಿನದ ಒಳಗೆ ಇವು ತುಂಬ ಕಡಿಮೆ ಆಗಬಹುದು. ಆಗ ಸಣ್ಣ ಸೋಂಕೂ ಜೀವಕ್ಕೆ ಕುತ್ತು.

ನೀವು ಈಗ ಅಂಕಿ ಓದಬಲ್ಲಿರಿ. ಥರ್ಮಾಮೀಟರ್ ಇಟ್ಟು ಅಂಕಿ ನೋಡಿ. 100.4 ಅಥವಾ ಅದಕ್ಕಿಂತ ಹೆಚ್ಚು ಇದೆಯೇ? ಮೈ ನಡುಗುತ್ತಿದೆಯೇ? ರಾತ್ರಿ ಆದರೂ ಸರಿ, ಕೂಡಲೇ ಆಸ್ಪತ್ರೆಗೆ ಹೊರಡಿ. ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ. "ಕೀಮೋ ಆಗಿದೆ" ಅಂತ ಮೊದಲೇ ಹೇಳಿ. ಚೀಟಿ ತೋರಿಸಿ. ಡಾಕ್ಟರನ್ನು ಕೇಳದೆ ಜ್ವರದ ಮಾತ್ರೆ, ನಾಟಿ ಔಷಧ ಕೊಡಬೇಡಿ.

ಮನೆಯಲ್ಲಿ ಎಲ್ಲರೂ ಸೋಪಿನಿಂದ ಕೈ ತೊಳೆಯಿರಿ. ಕಾಯಿಸಿದ ನೀರು, ಚೆನ್ನಾಗಿ ಬೆಂದ ಊಟ ಕೊಡಿ. ನೆಗಡಿ, ಕೆಮ್ಮು ಇರುವವರು ದೂರ ಇರಲಿ. ಕೀಮೋ ಆದ ಎರಡು ದಿನ ರೋಗಿಯ ವಾಂತಿ, ಮೂತ್ರವನ್ನು ಕೈಗವಸು ಹಾಕಿ ತೊಳೆಯಿರಿ. ಬಸುರಿಯರು ಆ ಕೆಲಸ ಮಾಡಬಾರದು.

ಹಣ ಇಲ್ಲ ಅಂತ ಕೂರಬೇಡಿ

ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ 1973ರಲ್ಲಿ ಶುರುವಾಯಿತು. ಅದು ಸರ್ಕಾರದ ಕ್ಯಾನ್ಸರ್ ಆಸ್ಪತ್ರೆ. 2018ರಲ್ಲಿ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ಬಂತು. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತೆ. ರೇಷನ್ ಕಾರ್ಡ್, ಆಧಾರ್ ಜೊತೆಗಿರಲಿ. ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿ.

ಅಭ್ಯಾಸ

1. ಕ್ಯಾನ್ಸರ್ ಅಂಟುರೋಗವೇ?
2. ಸೊಸೆ ಬಾಯಿ ಹುಣ್ಣಿಗೆ ಏನು ಮಾಡಿದಳು?
3. ಖಾಲಿ ಜಾಗ ತುಂಬಿರಿ: ಜ್ವರ ______ ಮುಟ್ಟಿದರೆ ಕೂಡಲೇ ______ ಗೆ ಹೋಗಬೇಕು.
4. ನಿಮ್ಮ ಹತ್ತಿರದ ಆಸ್ಪತ್ರೆಯ ಫೋನ್ ನಂಬರ್ ಕೇಳಿ ತಿಳಿದು ಇಲ್ಲಿ ಬರೆಯಿರಿ: ____________