ಬೆಳಕಿನ ಸ್ಪಂದ ಮತ್ತು ಅದರ ಸಂಸಕ್ತತೆ

ಚನ್ನಗಿರಿ ತಾಲ್ಲೂಕಿನ ಶಾಂತಿಸಾಗರದ ನಿಶ್ಚಲವಾದ ನೀರಿಗೆ ಎರಡು ಕಲ್ಲುಗಳನ್ನು ಒಮ್ಮೆಲೇ ಎಸೆದರೆ, ಅಲೆಗಳ ಎರಡು ಬಳೆಗಳು ಹರಡಿ ಒಂದನ್ನೊಂದು ಹಾಯುತ್ತವೆ. ಉಬ್ಬಿಗೆ ಉಬ್ಬು ಸೇರಿದಲ್ಲಿ ನೀರು ಇನ್ನೂ ಏರುತ್ತದೆ. ಉಬ್ಬಿಗೆ ತಗ್ಗು ಸೇರಿದಲ್ಲಿ ಶಾಂತವಾಗುತ್ತದೆ. ಬೆಳಕೂ ತರಂಗವಾದುದರಿಂದ ಹೀಗೆಯೇ ವರ್ತಿಸಿ, ಪರದೆಯ ಮೇಲೆ ಬೆಳಕು ಕತ್ತಲೆಗಳ ಪಟ್ಟೆಗಳನ್ನು ಮೂಡಿಸುತ್ತದೆ. ಇದಕ್ಕೆ ವ್ಯತಿಕರಣವೆಂದು ಹೆಸರು.

ಎರಡು ಅಲೆಗಳು ಹೆಜ್ಜೆ ತಪ್ಪದೆ ನಡೆಯುವ ಗುಣವೇ ಸಂಸಕ್ತತೆ. ಪಟ್ಟೆಗಳು ಸ್ಪಷ್ಟವಾದಷ್ಟೂ ಸಂಸಕ್ತತೆ ಹೆಚ್ಚು. ಪೂರ್ಣವೂ ಅಲ್ಲದ, ಶೂನ್ಯವೂ ಅಲ್ಲದ ಭಾಗಶಃ ಸಂಸಕ್ತತೆಯನ್ನು, ಧ್ರುವೀಕೃತ ಕಿರಣಗಳ ವಿಷಯದಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ತರುಣ ವಿಜ್ಞಾನಿ ಎಸ್. ಪಂಚರತ್ನಂ ಅವರು 1956ರಲ್ಲಿ ಪ್ರಕಟಿಸಿದ ಪ್ರಬಂಧಗಳಲ್ಲಿ ವಿವೇಚಿಸಿದರು.

ಇಂದಿನ ಲೇಸರುಗಳು 10 ಫೆಮ್ಟೊಸೆಕೆಂಡಿನಷ್ಟು ಕಿರಿದಾದ ಬೆಳಕಿನ ಸ್ಪಂದಗಳನ್ನು ಕೊಡುತ್ತವೆ. ಸೆಕೆಂಡನ್ನು ಕೋಟಿ ಭಾಗ ಮಾಡಿ, ಅದರಲ್ಲಿ ಒಂದನ್ನು ಮತ್ತೆ ಹತ್ತು ಕೋಟಿ ಭಾಗ ಮಾಡಿದರೆ ದೊರೆಯುವುದು ಒಂದು ಫೆಮ್ಟೊಸೆಕೆಂಡು. ಇದನ್ನು ಅಳೆಯುವಷ್ಟು ಚುರುಕಾದ ವಿದ್ಯುತ್ ಉಪಕರಣವಿಲ್ಲ. ಆದುದರಿಂದ ಕಾಲವನ್ನು ದೂರದಿಂದ ಅಳೆಯಬೇಕು. ಮೈಕೆಲ್ಸನ್ ವ್ಯತಿಕರಣಮಾಪಕದಲ್ಲಿ ಅರೆಗನ್ನಡಿಯೊಂದು ಸ್ಪಂದವನ್ನು ಎರಡಾಗಿ ಸೀಳುತ್ತದೆ. ಎರಡು ಕನ್ನಡಿಗಳು ಅವನ್ನು ಹಿಂದಿರುಗಿಸಿ ಕೂಡಿಸುತ್ತವೆ. ಒಂದು ಕನ್ನಡಿಯನ್ನು 1.5 ಮೈಕ್ರೋಮೀಟರ್ ಸರಿಸಿದರೆ, ಹೋಗಿಬರುವ ದಾರಿ 3 ಮೈಕ್ರೋಮೀಟರ್ ಹೆಚ್ಚಿ, ಆ ಕಿರಣ 10 ಫೆಮ್ಟೊಸೆಕೆಂಡು ತಡವಾಗುತ್ತದೆ.

ಹಾಗಾದರೆ ಪಟ್ಟೆಗಳು ಅಳಿಸಿಹೋಗುವ ವಿಳಂಬವೇ ಸ್ಪಂದದ ಅವಧಿಯೇ? ವಿದ್ಯಾರ್ಥಿಗಳು ಇಲ್ಲಿ ಎಚ್ಚರದಿಂದಿರಬೇಕು. ಅದು ಸಂಸಕ್ತತೆಯ ಅವಧಿ ಮಾತ್ರ. ಬೆಳಕಿನಲ್ಲಿ ಯಾವ ಬಣ್ಣ ಎಷ್ಟಿದೆ ಎಂಬುದನ್ನಷ್ಟೇ ಪಟ್ಟೆಗಳು ತಿಳಿಸುತ್ತವೆ; ಯಾವುದು ಯಾವಾಗ ಬಂದಿತೆಂದು ತಿಳಿಸವು. ಅದೇ ಬಣ್ಣಗಳನ್ನು ಅದೇ ಪ್ರಮಾಣದಲ್ಲಿ ಹೊಂದಿ ಎಡೆಬಿಡದೆ ಉರಿಯುವ ದೀಪವೂ ಅಂತಹುದೇ ಪಟ್ಟೆಗಳನ್ನು ಕೊಡುತ್ತದೆ! 800 ನ್ಯಾನೋಮೀಟರ್ ತರಂಗದೂರದ ನಮ್ಮ ಸ್ಪಂದವನ್ನು ಮೊದಲು ಒಂದು ಸೆಂಟಿಮೀಟರ್ ದಪ್ಪದ ಗಾಜಿನಲ್ಲಿ ಹಾಯಿಸಿದರೆ, ಕೆಂಪು ಮುಂದಾಗಿ ನೀಲಿಯ ಕಡೆಯ ಬಣ್ಣಗಳು ಹಿಂದುಳಿದು, ಅದರ ಅವಧಿ 100 ಫೆಮ್ಟೊಸೆಕೆಂಡನ್ನು ಮೀರುತ್ತದೆ. ಪಟ್ಟೆಗಳು ಮಾತ್ರ ಬದಲಾಗವು.

ಇದಕ್ಕೆ ಪರಿಹಾರವುಂಟು. ಕೂಡಿದ ಕಿರಣಗಳನ್ನು ಆವೃತ್ತಿಯನ್ನು ಇಮ್ಮಡಿಗೊಳಿಸುವ ಸ್ಫಟಿಕದೊಳಗೆ ಕಳುಹಿಸಬೇಕು. ಅಲ್ಲಿ ಹುಟ್ಟುವ ಹೊಸ ಬೆಳಕು ಮೂಲ ತೀವ್ರತೆಯ ವರ್ಗಕ್ಕೆ ಅನುಗುಣವಾದುದು. ಸಮನಾದ ಎರಡು ಸ್ಪಂದಗಳು ಸರಿಯಾಗಿ ಕೂಡಿದಾಗ ಪಾರ 2 ಪಟ್ಟು, ತೀವ್ರತೆ 4 ಪಟ್ಟು, ಹೊಸ ಬೆಳಕು 16 ಪಟ್ಟು. ಬೇರೆಬೇರೆಯಾಗಿ ಬಂದಾಗ ಕೇವಲ 1 ಮತ್ತು 1 ಸೇರಿ 2 ಪಟ್ಟು. ಈ 8ಕ್ಕೆ 1ರ ಏರಿಳಿತ ಎಷ್ಟು ವಿಳಂಬದಲ್ಲಿ ತಗ್ಗುವುದೋ ಅದರಿಂದ, ಸ್ಪಂದದ ಆಕಾರವನ್ನು ಊಹಿಸಿಕೊಂಡು, ಅವಧಿಯನ್ನು ಗಣಿಸಬಹುದು.

ಅಣುಬಂಧಗಳು ಕಡಿಯುವುದನ್ನು ಇಂತಹ ಸ್ಪಂದಗಳಿಂದಲೇ ನೋಡಿದ ಅಹ್ಮದ್ ಜ಼ೆವೈಲ್ ಅವರಿಗೆ 1999ರ ನೊಬೆಲ್ ಪಾರಿತೋಷಕ ಸಂದಿತು. ಹಿಗ್ಗಿದ ಸ್ಪಂದವನ್ನು ಕಿರಿದೆಂದು ಬಗೆದರೆ ಅಂತಹ ನೋಟವೇ ಮಸುಕಾಗುವುದು. ಆದುದರಿಂದ ಸಂಸಕ್ತತೆ, ಅವಧಿ ಎರಡನ್ನೂ ಅಳೆಯುವುದು ಅವಶ್ಯ.